ಜೆರಾಕ್ಸ್‌ನಲ್ಲಿ ಉಳಿದ ಮುಖ

(ಸಂಗೀತ ಮತ್ತು ವಿನ್ಯಾಸದಲ್ಲಿ ಆಸಕ್ತಿ ಇರುವ ಗೆಳೆಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಅಲ್ಲಿ ಕೈಗೆ ಕೊಟ್ಟು ತೋರಿಸಿದ್ದನ್ನೆಲ್ಲ ಇಲ್ಲಿ ಮಾತಿನಲ್ಲೇ ತೋರಿಸಲು ನೋಡಿದ್ದೇನೆ.)

ನಮಸ್ಕಾರ. ಮೊದಲು ಈ ಎರಡು ಹಾಳೆ ನೋಡಿ. ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಬನ್ನಿ. ಅವಸರ ಇಲ್ಲ.

ಕಳೆದ ವಾರ ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಎರಡು ಫೋಟೊ ಹಿಡಿದುಕೊಂಡು ಹೋಗಿದ್ದೆ. ಎರಡೂ ಒಬ್ಬನೇ ಗೆಳೆಯನ ಮುಖ. ಒಂದರಲ್ಲಿ ಅವನು ಇದ್ದ ಹಾಗೇ ಇದ್ದಾನೆ. ಇನ್ನೊಂದರಲ್ಲಿ ಮುಖಕ್ಕೆಲ್ಲ ಬಿಳಿ ಬಣ್ಣ, ಕಣ್ಣಿನ ಸುತ್ತ ಮತ್ತು ತುಟಿಗೆ ಕಪ್ಪು. ಎರಡನ್ನೂ ಜೆರಾಕ್ಸ್ ಮಾಡಿಸಿದೆ. ಬಂದ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡಿಸಿದೆ. ಅದರದ್ದು ಇನ್ನೊಂದು. ಹೀಗೆ ಎಂಟು ಸಲ. ಅಂಗಡಿಯವರು ನಡುವೆ ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಅವರಿಗೂ ಕುತೂಹಲ ಹತ್ತಿತು.

ಮೂರನೇ ಪ್ರತಿಗೆ ಸಾಮಾನ್ಯ ಮುಖದ ಮೂಗು ಹೋಯಿತು. ಐದನೆಯದಕ್ಕೆ ಕೆನ್ನೆ ಯಾವುದು, ಹಿಂದಿನ ಗೋಡೆ ಯಾವುದು ಗೊತ್ತಾಗಲಿಲ್ಲ. ಎಂಟನೆಯದು ನಿಮ್ಮ ಕೈಯಲ್ಲಿದೆ. ಚುಕ್ಕೆ, ಕಲೆ ಬಿಟ್ಟು ಬೇರೇನೂ ಇಲ್ಲ. ಈಗ ಇನ್ನೊಂದು ಹಾಳೆ ನೋಡಿ. ಬಿಳಿ ಮುಖ ಹಾಗೇ ಇದೆ. ಎರಡು ಕಪ್ಪು ಗುಳಿ, ಅದರ ಕೆಳಗೆ ಒಂದು ಕಪ್ಪು ಬಾಯಿ. ಎಂಟು ಸಲ ಯಂತ್ರದೊಳಗೆ ಹೋಗಿ ಬಂದರೂ ಅದು ಸತ್ತಿಲ್ಲ. ಮೊದಲಿಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ, ಅಲ್ವಾ?

ಬ್ಲ್ಯಾಕ್ ಮೆಟಲ್ ಸಂಗೀತದವರ ಉಡುಪು, ಬಣ್ಣ, ಚಿತ್ರಗಳ ಬಗ್ಗೆ ನಾನು ಹೇಳಬೇಕೆಂದಿರುವುದು ಈ ಎರಡು ಹಾಳೆಯಲ್ಲೇ ಇದೆ. ಇದನ್ನು ಎಲ್ಲರೂ ಸೈತಾನ, ಚರ್ಚು, ಹಿಮ ಅಂತ ಶುರು ಮಾಡುತ್ತಾರೆ. ಅದೆಲ್ಲ ಇದೆ, ಬರುತ್ತೇನೆ. ಆದರೆ ನನಗೆ ಮೊದಲು ಕಾಣುವುದು ಕೈಯಲ್ಲಿ ಕಾಸಿಲ್ಲದ ಹದಿನೆಂಟು ಇಪ್ಪತ್ತರ ಹುಡುಗರು. ಅವರ ಹತ್ತಿರ ಇದ್ದದ್ದು ಅಗ್ಗದ ಬಣ್ಣ, ಮೊಳೆ, ಕತ್ತರಿ, ಗೋಂದು, ಮತ್ತು ಎಲ್ಲೋ ಒಂದು ಜೆರಾಕ್ಸ್ ಯಂತ್ರ. ಆ ಬಡತನವನ್ನು ಅವರು ಮುಚ್ಚಿಡಲಿಲ್ಲ. ಅದನ್ನೇ ಒಂದು ಶೈಲಿಯಾಗಿ ಕಟ್ಟಿದರು. ಈ ಕಾರಣಕ್ಕೆ ನನಗೆ ಇವರ ಮೇಲೆ ಪ್ರೀತಿ. ಅವರಲ್ಲಿ ಕೆಲವರು ಮಾಡಿದ ಕೆಲಸಗಳನ್ನು ನೆನೆದರೆ ಅಷ್ಟೇ ಸಂಕಟ. ಎರಡನ್ನೂ ಹೇಳುತ್ತೇನೆ.

ಸಂಗೀತ ಕೇಳದವರಿಗೆ ಒಂದೇ ಮಾತು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತ ಹಾಗೆ ಎಡೆಬಿಡದ ಗಿಟಾರ್, ಓಡುವ ಡ್ರಮ್, ಗಂಟಲು ಕಿತ್ತು ಬರುವ ಕಿರುಚು. ರೆಕಾರ್ಡಿಂಗ್ ಬೇಕೆಂದೇ ಒರಟು. ಆ ಒರಟುತನಕ್ಕೂ ನಿಮ್ಮ ಕೈಯಲ್ಲಿರುವ ಎಂಟನೇ ಪ್ರತಿಗೂ ನಂಟಿದೆ.

ಈಗ 1984ಕ್ಕೆ ಹೋಗೋಣ, ಸ್ಟಾಕ್‌ಹೋಮ್‌ಗೆ. ಬ್ಯಾಥೊರಿ ಎಂಬ ತಂಡದ ಮೊದಲ ಆಲ್ಬಮ್. ತಂಡ ಅಂದರೆ ಹೆಚ್ಚುಕಡಿಮೆ ಒಬ್ಬನೇ ಹುಡುಗ, ಕ್ವೋರ್ಥನ್ ಅಂತ ಹೆಸರು ಇಟ್ಟುಕೊಂಡವನು. ಆಗ ಅವನಿಗೆ 18 ವರ್ಷ. ಮುಖಪುಟದಲ್ಲಿ ಕಪ್ಪು ಹಿನ್ನೆಲೆ, ಅದರ ಮೇಲೆ ಕೊಂಬಿನ ಆಡಿನ ತಲೆ. ಆಡು ಚಿನ್ನದ ಬಣ್ಣದಲ್ಲಿ ಹೊಳೆಯಬೇಕು ಅಂತ ಅವನ ಆಸೆ. ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸುವುದು ದುಬಾರಿ. ಕೊನೆಗೆ ಬಂದದ್ದು ಹಳದಿ ಆಡು. ಮೊದಲ 1000 ಪ್ರತಿಗಳು ಹಾಗೇ ಹೊರಬಿದ್ದವು. ಮುಂದಿನ ಮುದ್ರಣದಿಂದ ಬಣ್ಣದ ಸಹವಾಸವೇ ಬೇಡ ಅಂತ ಕಪ್ಪು ಬಿಳುಪು. ಇವತ್ತು ಎಲ್ಲರಿಗೂ ಗೊತ್ತಿರುವುದು ಆ ಕಪ್ಪು ಬಿಳುಪಿನ ಆಡೇ. ಹಳದಿ ಆಡಿನ ಪ್ರತಿ ಸಿಕ್ಕರೆ ಸಂಗ್ರಹ ಮಾಡುವವರು ಮುಗಿಬೀಳುತ್ತಾರೆ.

ಅದೇ ಆಲ್ಬಮ್‌ನ ಹಿಂಬದಿ ಇನ್ನೂ ಚೆನ್ನಾಗಿದೆ. ಹಾಡುಗಳ ಹೆಸರೆಲ್ಲ ಹಳೆಯ ಬೈಬಲ್‌ಗಳಲ್ಲಿ ಕಾಣುವಂಥ ಮೊನಚಾದ ಅಕ್ಷರದಲ್ಲಿದೆ. ಇಲ್ಲಿ ಕೂತಿರುವ ಹಿರಿಯರಿಗೆ ಲೆಟ್ರಾಸೆಟ್ ನೆನಪಿರಬಹುದು. ಪಾರದರ್ಶಕ ಹಾಳೆಯ ಮೇಲೆ ಅಕ್ಷರಗಳು ಅಂಟಿರುತ್ತಿದ್ದವು. ಬೇಕಾದ ಅಕ್ಷರವನ್ನು ಕಾಗದದ ಮೇಲೆ ಇಟ್ಟು ಪೆನ್ಸಿಲ್‌ನಿಂದ ಉಜ್ಜಿದರೆ ಅದು ಕಾಗದಕ್ಕೆ ಇಳಿಯುತ್ತಿತ್ತು. ಒಂದು ಹಾಳೆಯಲ್ಲಿ ಪ್ರತಿ ಅಕ್ಷರವೂ ಇಂತಿಷ್ಟೇ ಇರುತ್ತಿತ್ತು. ಈ ಆಲ್ಬಮ್‌ನಲ್ಲಿ 'ನೆಕ್ರೊಮ್ಯಾನ್ಸಿ' ಎಂಬ ಹಾಡಿದೆ. ಕೊನೆಯ ಭಾಗದಲ್ಲಿ ಇಂಗ್ಲಿಷಿನ 'ಸಿ' ಅಕ್ಷರ ಬರಬೇಕಾದ ಕಡೆ 'ಎಸ್' ಇದೆ. ಹಾಳೆಯಲ್ಲಿ 'ಸಿ' ಖಾಲಿಯಾಗಿತ್ತು ಎಂಬುದು ಅದರ ಹಿಂದಿನ ಕಥೆ. ನೋಡುವವರು ಇದರಲ್ಲೇನೋ ಗುಪ್ತ ಅರ್ಥ ಇದೆ ಅಂದುಕೊಳ್ಳಬೇಕು! ಇದ್ದದ್ದು ಒಂದು ಅಕ್ಷರದ ಕೊರತೆ.

ಮೂರು ವರ್ಷ ಬಿಟ್ಟು, 1987ರಲ್ಲಿ, ನಾರ್ವೆಯ ಮೇಹೆಮ್ ತಂಡ 'ಡೆತ್‌ಕ್ರಷ್' ಎಂಬ ಪುಟ್ಟ ರೆಕಾರ್ಡ್ ತಂದಿತು. ಅದೂ 1000 ಪ್ರತಿ. ಮುಖಪುಟದಲ್ಲಿ ಕತ್ತರಿಸಿದ ಕೈಗಳು ತೂಗುವ ಫೋಟೊ. ಅದು ರಕ್ತದ ಕೆಂಪಿನಲ್ಲಿ ಬರಬೇಕಿತ್ತು. ಅಚ್ಚಿನಲ್ಲಿ ಏನೋ ಎಡವಟ್ಟಾಗಿ ಗುಲಾಬಿ ಬಣ್ಣದಲ್ಲಿ ಬಂತು. ಚಿನ್ನ ಬೇಕು ಅಂದರೆ ಹಳದಿ. ಕೆಂಪು ಬೇಕು ಅಂದರೆ ಗುಲಾಬಿ. ಬಣ್ಣ ಇವರನ್ನು ಕೈಬಿಡುತ್ತಲೇ ಹೋಯಿತು. ಮೋಸ ಮಾಡದೆ ಉಳಿದದ್ದು ಕಪ್ಪು ಮತ್ತು ಬಿಳಿ.

ಆಗ ಈ ಸಂಗೀತ ಊರೂರಿಗೆ ಹರಡಿದ್ದು ಅಂಚೆಯಲ್ಲಿ. ಕ್ಯಾಸೆಟ್‌ಗೆ ಕ್ಯಾಸೆಟ್ ವಿನಿಮಯ. ಲಕೋಟೆಯೊಳಗೆ ಕ್ಯಾಸೆಟ್ ಜೊತೆ ಜೆರಾಕ್ಸ್ ಮಾಡಿದ ಕರಪತ್ರ ತುರುಕುತ್ತಿದ್ದರು. ಅಂಚೆ ಚೀಟಿಯ ಮೇಲೆ ತೆಳುವಾಗಿ ಗೋಂದು ಸವರುತ್ತಿದ್ದರು. ಪತ್ರ ಸಿಕ್ಕವನು ಗೋಂದು ತೊಳೆದರೆ ಮುದ್ರೆಯೂ ಹೋಗುತ್ತಿತ್ತು, ಚೀಟಿಯನ್ನು ಮತ್ತೆ ಅಂಟಿಸಬಹುದಿತ್ತು. ಅಷ್ಟು ಕಾಸಿನ ಕಷ್ಟ. ಕತ್ತರಿಸಿ ಅಂಟಿಸಿ ಮಾಡಿದ ಪುಟ್ಟ ಪತ್ರಿಕೆಗಳಿದ್ದವು. ನಾರ್ವೆಯ ಸಾರ್ಪ್ಸ್‌ಬೋರ್ಗ್ ಎಂಬ ಊರಿನಿಂದ ಮೆಟಾಲಿಯನ್ ಎಂಬ ಹೆಸರಲ್ಲಿ ಬರೆಯುತ್ತಿದ್ದವನೊಬ್ಬ 1985ರಲ್ಲಿ 'ಸ್ಲೇಯರ್' ಅಂತ ಪತ್ರಿಕೆ ಶುರು ಮಾಡಿದ್ದ. ಇಂಥ ಪುಟಗಳಲ್ಲಿ ಒಂದು ತಂಡದ ಫೋಟೊ ನಕಲಿನ ನಕಲಾಗಿ ಬೆಲ್ಜಿಯಂ, ಬ್ರೆಜಿಲ್ ತನಕ ಹೋಗುತ್ತಿತ್ತು. ಆ ದಾರಿಯಲ್ಲಿ ಬದುಕಿ ಉಳಿಯುವ ಮುಖ ಎಂಥದ್ದು ಅಂತ ನೀವು ಈಗಷ್ಟೇ ನೋಡಿದಿರಿ. ಯಾರೂ ಕೂತು ಲೆಕ್ಕ ಹಾಕಿ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಯಂತ್ರ ಆರಿಸಿಕೊಂಡಿತು. ಅದು ಆರಿಸಿದ ಮುಖವನ್ನೇ ಮುಂದಿನ ಹುಡುಗರು ನಕಲು ಮಾಡಿದರು.

ಇನ್ನು ಮೈಮೇಲಿನ ಉಡುಪು. ಕಪ್ಪು ಚರ್ಮದ ಜಾಕೆಟ್ಟು, ಬಂದೂಕಿನ ಗುಂಡು ಪೋಣಿಸಿದ ಬೆಲ್ಟು, ಮೊಳೆಯ ಕೈಪಟ್ಟಿ. ಇವು ಯಾವುವೂ ಬ್ಲ್ಯಾಕ್ ಮೆಟಲ್‌ನ ಸ್ವಂತ ಆಸ್ತಿ ಅಲ್ಲ. ಗುಂಡಿನ ಬೆಲ್ಟನ್ನು ಪ್ರಸಿದ್ಧ ಮಾಡಿದ್ದು ಮೋಟರ್‌ಹೆಡ್ ತಂಡದ ಲೆಮ್ಮಿ. ಚರ್ಮ ಮತ್ತು ಲೋಹದ ಮೊಳೆಗಳನ್ನು 1970ರ ದಶಕದ ಕೊನೆಗೆ ವೇದಿಕೆಗೆ ತಂದದ್ದು ಜೂಡಾಸ್ ಪ್ರೀಸ್ಟ್ ತಂಡದ ರಾಬ್ ಹ್ಯಾಲ್ಫರ್ಡ್. ಆ ಉಡುಪಿನ ಬೇರು ಇದ್ದದ್ದು ಗೇ ಗಂಡಸರ ಲೆದರ್ ಕ್ಲಬ್ಬುಗಳಲ್ಲಿ. ತಾವು ಗೇ ಅಂತ ಅವರು ಬಹಿರಂಗವಾಗಿ ಹೇಳಿದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಜಗತ್ತಿನ ಅರ್ಧ ಗಂಡು ಹುಡುಗರು ಅದೇ ಉಡುಪು ಹಾಕಿಕೊಂಡು ಗಂಡಸ್ತನ ತೋರಿಸುತ್ತಾ ಓಡಾಡಿದ್ದರು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಂಗ್ಲೆಂಡಿನ ನ್ಯೂಕಾಸಲ್‌ನ ವೆನಮ್ ತಂಡ 1982ರಲ್ಲಿ 'ಬ್ಲ್ಯಾಕ್ ಮೆಟಲ್' ಅಂತ ಆಲ್ಬಮ್ ಮಾಡಿತು. ಹೆಸರು ಅಲ್ಲಿಂದ ಬಂತು. ಉಡುಪನ್ನು ಅತಿಗೆ ಒಯ್ದದ್ದು ಮಾತ್ರ ಬ್ರೆಜಿಲ್‌ನ ಸಾರ್ಕೊಫಾಗೊ. ಇವರ 1987ರ ಆಲ್ಬಮ್ ಮುಖಪುಟ ನೋಡಬೇಕು ನೀವು. ಸ್ಮಶಾನದಲ್ಲಿ ನಿಂತ ಹುಡುಗರು. ಮುಖಕ್ಕೆ ಕಪ್ಪು ಬಿಳಿ ಬಣ್ಣ, ಮೈತುಂಬ ಗುಂಡಿನ ಬೆಲ್ಟು, ಮೊಣಕೈ ತನಕ ಮೊಳೆ. ನಾವು ಇದನ್ನು ಹಿಮದ ದೇಶದ ವೇಷ ಅಂದುಕೊಳ್ಳುತ್ತೇವೆ. ಅದು ಪೂರ್ತಿ ರೂಪಕ್ಕೆ ಬಂದದ್ದು ಬೆಲೊ ಹೊರಿಜೊಂಚಿಯಲ್ಲಿ, ಬಿಸಿಲಿನ ಊರಲ್ಲಿ. ಆ ಫೋಟೊ ಓಸ್ಲೋಗೆ ಮುಟ್ಟಿತು. ಮೇಹೆಮ್ ತಂಡದ ಗಿಟಾರ್ ವಾದಕ ಯೂರೋನಿಮಸ್ ಅದನ್ನು ನೋಡಿ ಹುಚ್ಚನಾದ. ಎಲ್ಲ ತಂಡಗಳೂ ಹೀಗೇ ಕಾಣಬೇಕು ಅಂತ ಹಟ ಹಿಡಿದ. ನಾರ್ವೆಯ ಶೈಲಿ ಅಂತ ನಾವು ಕರೆಯುವುದರಲ್ಲಿ ಬ್ರೆಜಿಲ್‌ನ ಪಾಲು ದೊಡ್ಡದು. ಇದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ.

ಈ ಕೈಪಟ್ಟಿ ನೋಡಿ. ಅಂಗಡಿಯಿಂದ ತಂದದ್ದಲ್ಲ, ನಾನೇ ಮಾಡಿದ್ದು. ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ಚರ್ಮದ ಎರಡು ತುಂಡು ಕೇಳಿ ತಂದೆ. ಮೂರು ಇಂಚಿನ ಮೊಳೆಗಳನ್ನು ಒಳಗಿನಿಂದ ಹೊರಕ್ಕೆ ಚುಚ್ಚಿದೆ. ಮೊಳೆಯ ತಲೆ ಕೈಗೆ ಒತ್ತದ ಹಾಗೆ ಒಳಗೆ ಎರಡನೇ ಪದರ ಅಂಟಿಸಿ ಅಂಚು ಹೊಲಿಸಿದೆ. ಮೊದಲ ಸಲ ಮೊಳೆಗಳು ಹಿಂದಕ್ಕೆ ಜಾರಿದವು. ಚರ್ಮ ಸಾಕಷ್ಟು ದಪ್ಪ ಇರಲಿಲ್ಲ. ಎರಡನೇ ಸಲ ಸರಿಹೋಯಿತು. ಯಾರಾದರೂ ಹಾಕಿಕೊಂಡು ನೋಡಿ, ಹುಷಾರು.

ಹಾಕಿದ ತಕ್ಷಣ ಏನಾಗುತ್ತದೆ ಗಮನಿಸಿ. ಕೈ ಮೈಯಿಂದ ದೂರ ಹೋಗುತ್ತದೆ. ಹೋಗಲೇಬೇಕು, ಇಲ್ಲದಿದ್ದರೆ ತೊಡೆಗೆ ಚುಚ್ಚುತ್ತದೆ. ಜೇಬಿಗೆ ಕೈ ಹಾಕಲಾಗುವುದಿಲ್ಲ. ಯಾರ ಪಕ್ಕದಲ್ಲೂ ಕೂರಲಾಗುವುದಿಲ್ಲ. ಯಾರನ್ನೂ ಅಪ್ಪಿಕೊಳ್ಳಲಾಗುವುದಿಲ್ಲ. ಬ್ಲ್ಯಾಕ್ ಮೆಟಲ್ ಫೋಟೊಗಳಲ್ಲಿ ಎಲ್ಲರೂ ಕೈ ಅಗಲಿಸಿ, ಬೆರಳು ಮಡಿಸಿ, ಒಬ್ಬೊಬ್ಬರೇ ನಿಂತಿರುತ್ತಾರಲ್ಲ, ಆ ನಿಲುವು ಬರುವುದು ಈ ಕೈಪಟ್ಟಿಯಿಂದ. ಇದನ್ನು ಹಾಕಿಕೊಂಡವನು ಹಾಗೆ ಬಿಟ್ಟು ಬೇರೆ ಥರ ನಿಲ್ಲಲಾರ. ಉಡುಪು ಮೈಯನ್ನು ಕಲಿಸುತ್ತದೆ.

ಮುಖದ ಬಣ್ಣಕ್ಕೆ ಬರುತ್ತೇನೆ. ಇದನ್ನು ಅವರು ಕಾರ್ಪ್ಸ್ ಪೇಂಟ್ ಅನ್ನುತ್ತಾರೆ. ಹೆಣದ ಬಣ್ಣ. ರಾಕ್ ಸಂಗೀತದಲ್ಲಿ ಮುಖಕ್ಕೆ ಬಣ್ಣ ಬಳಿಯುವುದು ಹೊಸದೇನಲ್ಲ. ಆರ್ಥರ್ ಬ್ರೌನ್ 1968ರಲ್ಲೇ ಬಳಿದಿದ್ದರು. ಆಲಿಸ್ ಕೂಪರ್ ಬಳಿದರು. ಕಿಸ್ ತಂಡ ಬಳಿದು ಕೋಟ್ಯಧಿಪತಿಯಾಯಿತು. ಡೆನ್ಮಾರ್ಕಿನ ಕಿಂಗ್ ಡೈಮಂಡ್ ಎಂಬ ಗಾಯಕ ಬಳಿದಾಗ, ಇದು ನನ್ನ ಮುಖದ ವಿನ್ಯಾಸದ ಹಾಗಿದೆ ಅಂತ ಕಿಸ್ ತಂಡದ ಜೀನ್ ಸಿಮನ್ಸ್ ಕೋರ್ಟು ಕಚೇರಿ ಮಾತಾಡಿದರು. ಡೈಮಂಡ್ ತಮ್ಮ ಗೆರೆ ಬದಲಾಯಿಸಬೇಕಾಯಿತು. ಅಂದರೆ ಅಲ್ಲಿ ಬಣ್ಣ ಒಂದು ಟ್ರೇಡ್‌ಮಾರ್ಕ್. ಮುಖಕ್ಕೊಬ್ಬ ಮಾಲೀಕ ಇದ್ದ.

ಮೇಹೆಮ್ ತಂಡಕ್ಕೆ 1988ರಲ್ಲಿ ಹಾಡಲು ಬಂದ ಸ್ವೀಡನ್ನಿನ ಹುಡುಗನಿಗೆ ಇಂಥ ಲೆಕ್ಕ ಯಾವುದೂ ಇರಲಿಲ್ಲ. ಅವನ ನಿಜವಾದ ಹೆಸರು ಪರ್ ಇಂಗ್ವೆ ಓಲಿನ್. ತನ್ನನ್ನು ಅವನು ಡೆಡ್ ಅಂತ ಕರೆದುಕೊಂಡ. ಸತ್ತವನು. ಅವನ ಮುಖದಲ್ಲಿ ನಕ್ಷತ್ರ ಇಲ್ಲ, ಬಾವಲಿ ರೆಕ್ಕೆ ಇಲ್ಲ, ಅಂದವಾದ ಗೆರೆ ಇಲ್ಲ. ಬಿಳಿ ಬಳಿದು, ಕಣ್ಣಿನ ಗುಳಿಗೆ ಕಪ್ಪು ಮೆತ್ತಿ, ಬಾಯಿಯ ಅಂಚಿಗೆ ಒರೆಸಿದ್ದಾನೆ ಅಷ್ಟೇ. ಕಿಸ್‌ನವರ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇವನಿಗೆ ನಿಜಕ್ಕೂ ಹೆಣದ ಹಾಗೆ ಕಾಣಬೇಕಿತ್ತು ಅಂತ ಜೊತೆಗಾರ ನೆಕ್ರೋಬುಚರ್ ಹೇಳಿದ್ದಾನೆ. ಕಾರ್ಯಕ್ರಮಕ್ಕೆ ಮುಂಚೆ ಡೆಡ್ ತನ್ನ ಬಟ್ಟೆಗಳನ್ನು ಮಣ್ಣಿನಲ್ಲಿ ಹೂತಿಡುತ್ತಿದ್ದ. ಆ ದಿನ ಅಗೆದು ತೆಗೆದು, ಕೊಳೆತದ್ದನ್ನೇ ಹಾಕಿಕೊಂಡು ವೇದಿಕೆ ಹತ್ತುತ್ತಿದ್ದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಕಥೆಯನ್ನು ಇಂಟರ್ನೆಟ್ಟಿನಲ್ಲಿ ರೋಚಕವಾಗಿ ಹೇಳುತ್ತಾರೆ. ನನಗೆ ಇದರಲ್ಲಿ ರೋಚಕ ಕಾಣುವುದಿಲ್ಲ. ಅವನಿಗೆ ಬಣ್ಣ ಒಂದು ವೇಷವಾಗಿರಲಿಲ್ಲ. ಒಳಗಿದ್ದ ಏನನ್ನೋ ಹೊರಗೆ ಬಳಿದುಕೊಳ್ಳುತ್ತಿದ್ದ. 1991ರ ಏಪ್ರಿಲ್‌ನಲ್ಲಿ, 22ನೇ ವಯಸ್ಸಿನಲ್ಲಿ ಅವನು ಪ್ರಾಣ ಕಳೆದುಕೊಂಡ. ಆ ಸ್ಥಿತಿಯಲ್ಲಿ ಅವನನ್ನು ಕಂಡ ಯೂರೋನಿಮಸ್ ಮೊದಲು ಮಾಡಿದ್ದು ಫೋಟೊ ತೆಗೆದದ್ದು. ಮುಂದೆ ಅದರಲ್ಲಿ ಒಂದು ಫೋಟೊ ಯಾರೋ ಕದ್ದು ಹೊರತಂದ ಆಲ್ಬಮ್‌ನ ಮುಖಪುಟವೂ ಆಯಿತು. ನಾನು ಅದನ್ನು ಇಲ್ಲಿ ತಂದಿಲ್ಲ, ಹುಡುಕಿ ನೋಡಿ ಅಂತಲೂ ಹೇಳುವುದಿಲ್ಲ. ಆ ಹುಡುಗನಿಗೆ ಬೇಕಿದ್ದದ್ದು ಒಬ್ಬ ಗೆಳೆಯ. ಸಿಕ್ಕಿದ್ದು ಒಂದು ಕ್ಯಾಮೆರಾ. ಈ ಶೈಲಿಯ ಬಗ್ಗೆ ಎಷ್ಟು ಮೆಚ್ಚಿ ಮಾತಾಡಿದರೂ ಈ ಜಾಗಕ್ಕೆ ಬಂದಾಗ ನನ್ನ ಗಂಟಲು ಕಟ್ಟುತ್ತದೆ.

ಡೆಡ್ ಹೋದ ಮೇಲೆ ಅವನ ಮುಖ ಎಲ್ಲರ ಮುಖವಾಯಿತು. ಅದೇ 1991ರಲ್ಲಿ ಯೂರೋನಿಮಸ್ ಓಸ್ಲೋದಲ್ಲಿ ಹೆಲ್ವೆಟೆ ಎಂಬ ರೆಕಾರ್ಡ್ ಅಂಗಡಿ ತೆರೆದ. ಆ ಪದಕ್ಕೆ ನರಕ ಅಂತ ಅರ್ಥ. ಗೋಡೆಗೆಲ್ಲ ಕಪ್ಪು. ವ್ಯಾಪಾರ ಅಷ್ಟಕ್ಕಷ್ಟೆ, ಆದರೆ ಹುಡುಗರು ಬಂದು ಕೂರುತ್ತಿದ್ದರು. ಅಲ್ಲಿ ಯೂರೋನಿಮಸ್‌ನ ದೊಡ್ಡ ಸಿಟ್ಟು ಯಾರ ಮೇಲೆ ಗೊತ್ತಾ? ಜಾಗಿಂಗ್ ಪ್ಯಾಂಟು ಹಾಕಿಕೊಂಡು ಸಾವಿನ ಬಗ್ಗೆ ಹಾಡುವ ಡೆತ್ ಮೆಟಲ್ ತಂಡಗಳ ಮೇಲೆ. ಅದು ಮೆಟಲ್ ಸಂಗೀತದ ಇನ್ನೊಂದು ಕವಲು. ಸಾವಿನ ಹಾಡು ಹಾಡುವವನು ಪಕ್ಕದ ಮನೆ ಹುಡುಗನ ಹಾಗೆ ಕಾಣಬಾರದು ಅಂತ ಅವನ ವಾದ. ಈ ವಾದ ಬಾಲಿಶ ಅಂತ ಕೆಲವರಿಗೆ ಅನಿಸಬಹುದು. ನನಗೆ ಅನಿಸುವುದಿಲ್ಲ. ಹಾಡಿಗೂ ಹಾಡುವವನ ಮೈಗೂ ನಡುವೆ ಸುಳ್ಳು ಇರಬಾರದು ಎಂಬ ಹಟ ಅದು.

ಆ ಹಟದ ಫಲ ನೋಡಬೇಕಾದರೆ ಡಾರ್ಕ್‌ಥ್ರೋನ್ ತಂಡದ ಎರಡು ಮುಖಪುಟ ಅಕ್ಕಪಕ್ಕ ಇಡಿ. ಓಸ್ಲೋ ಹತ್ತಿರದ ಕೊಲ್ಬೋಟ್ನ್ ಎಂಬ ಊರಿನ ಹುಡುಗರು. 1991ರ ಮೊದಲ ಆಲ್ಬಮ್ ಡೆತ್ ಮೆಟಲ್. ಮುಖಪುಟ ಬಣ್ಣಬಣ್ಣದ ಕಲ್ಪನೆಯ ಚಿತ್ರ, ಆ ಕಾಲದ ನೂರು ಆಲ್ಬಮ್‌ಗಳ ಹಾಗೆ. 1992ರ ಎರಡನೆಯದು 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ'. ಕಪ್ಪು ಬಿಳುಪು ಫೋಟೊ. ಕತ್ತಲಲ್ಲಿ ತಂಡದ ಗಿಟಾರ್ ವಾದಕ ಜೆಫಿರಸ್, ಬಣ್ಣ ಬಳಿದ ಮುಖ, ಬಾಯಿ ತೆರೆದಿದೆ. ಬೂದು ಬಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೈ ಎಲ್ಲಿ ಮುಗಿಯಿತು, ರಾತ್ರಿ ಎಲ್ಲಿ ಶುರುವಾಯಿತು ಹೇಳಲಾಗದು. ಇಂಗ್ಲೆಂಡಿನಲ್ಲಿದ್ದ ಅವರ ರೆಕಾರ್ಡ್ ಕಂಪನಿ ಕಂಗಾಲಾಯಿತು. ಡೆತ್ ಮೆಟಲ್ ತಂಡ ಅಂತ ಒಪ್ಪಂದ ಮಾಡಿಕೊಂಡರೆ ಇದೇನು ಕೊಟ್ಟರು ಇವರು? ಹುಡುಗರು ಬಗ್ಗಲಿಲ್ಲ. ನೀವು ತರದಿದ್ದರೆ ಯೂರೋನಿಮಸ್ ತರುತ್ತಾನೆ ಅಂದರು. ಕೊನೆಗೆ ಹಾಗೇ ಬಂತು. ಮುಂದಿನ ಎರಡು ಆಲ್ಬಮ್‌ಗಳೂ ಇದೇ ದಾರಿ. ಒಬ್ಬ ಮನುಷ್ಯ, ಕತ್ತಲು, ಫ್ಲಾಶ್ ಬೆಳಕು. ದುಬಾರಿ ಚಿತ್ರಕಾರ ಬೇಡ, ಸ್ಟುಡಿಯೋ ಬೇಡ. ಒಂದು ಕ್ಯಾಮೆರಾ ಮತ್ತು ಒಂದು ರಾತ್ರಿ ಸಾಕು. ಜಗತ್ತಿನ ಎಲ್ಲ ಬಡ ಹುಡುಗರಿಗೂ ಈ ಬಾಗಿಲು ತೆರೆಯಿತು.

ಕೆಟ್ಟ ಬಾಗಿಲುಗಳೂ ತೆರೆದವು. 1992ರ ಜೂನ್ 6ರಂದು ಬರ್ಗನ್ ಹತ್ತಿರದ ಫ್ಯಾಂಟಾಫ್ಟ್ ಚರ್ಚು ಸುಟ್ಟು ಬೂದಿಯಾಯಿತು. ಪೂರ್ತಿ ಮರದ ಚರ್ಚು, ಹನ್ನೆರಡನೇ ಶತಮಾನದ್ದು. ಬರ್ಜುಮ್ ಎಂಬ ಹೆಸರಲ್ಲಿ ಒಬ್ಬನೇ ಸಂಗೀತ ಮಾಡುತ್ತಿದ್ದ ವಾರ್ಗ್ ವಿಕರ್ನೆಸ್ ಸುಟ್ಟು ಕರಕಲಾದ ಆ ಚರ್ಚಿನ ಫೋಟೊವನ್ನೇ 1993ರ ತನ್ನ ರೆಕಾರ್ಡಿನ ಮುಖಪುಟ ಮಾಡಿಕೊಂಡ. ಹೆಸರು 'ಆಸ್ಕೆ', ಬೂದಿ ಅಂತ ಅರ್ಥ. ಅದು ಕೂಡ ಕಪ್ಪು ಬಿಳುಪು. ಆ ವರ್ಷದ ಆಗಸ್ಟ್‌ನಲ್ಲಿ ಅವನೇ ಯೂರೋನಿಮಸ್‌ನನ್ನು ಕೊಂದ. ಕೊಲೆಗೂ ಬೇರೆ ಚರ್ಚುಗಳಿಗೆ ಬೆಂಕಿ ಇಟ್ಟದ್ದಕ್ಕೂ 1994ರಲ್ಲಿ 21 ವರ್ಷದ ಶಿಕ್ಷೆ ಆಯಿತು. ಅವನ ಜನಾಂಗದ್ವೇಷದ ಮಾತುಗಳು ಆಮೇಲೂ ನಿಲ್ಲಲಿಲ್ಲ. ಎಂಪರರ್ ತಂಡದ ಡ್ರಮ್ ವಾದಕ ಫೌಸ್ಟ್ 1992ರಲ್ಲಿ ಲಿಲ್ಲೆಹಾಮರ್‌ನಲ್ಲಿ ಒಬ್ಬ ಗೇ ವ್ಯಕ್ತಿಯನ್ನು ಕೊಂದಿದ್ದ. ಇವನ್ನೆಲ್ಲ ಸಂಗೀತದ ಖ್ಯಾತಿಗೆ ಮಸಾಲೆಯ ಹಾಗೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ಪತ್ರಿಕೆಗಳು ಮಾತ್ರ ಆ ಫೋಟೊಗಳನ್ನು ಮುಗಿಬಿದ್ದು ಹಾಕಿದವು. ಬಣ್ಣದ ಮುಖ ಜಗತ್ತಿಗೆಲ್ಲ ಗೊತ್ತಾದದ್ದು ಸಂಗೀತದಿಂದಲ್ಲ, ಅಪರಾಧದ ಸುದ್ದಿಯಿಂದ.

ಚಿತ್ರದ ವಿಷಯಕ್ಕೆ ಮರಳುತ್ತೇನೆ. ನಾರ್ವೆಯಲ್ಲಿ ಥಿಯೋಡೊರ್ ಕಿಟ್ಟೆಲ್ಸನ್ ಅಂತ ಒಬ್ಬ ದೊಡ್ಡ ಚಿತ್ರಕಾರರಿದ್ದರು, 1857ರಿಂದ 1914. ಅಲ್ಲಿನ ಮಕ್ಕಳ ಕಥೆ ಪುಸ್ತಕಗಳಲ್ಲಿ ಕಾಣುವ ಟ್ರೋಲ್‌ಗಳಿಗೆ ರೂಪ ಕೊಟ್ಟವರು ಅವರು. ಅವರು ಪ್ಲೇಗಿನ ಬಗ್ಗೆ 1900ರಲ್ಲಿ ಒಂದು ಚಿತ್ರಪುಸ್ತಕ ಮಾಡಿದರು. ಅದರಲ್ಲಿ ಪೆಸ್ತಾ ಎಂಬ ಮುದುಕಿ ಬರುತ್ತಾಳೆ. ಅವಳೇ ಪ್ಲೇಗು. ಊರಿಗೆ ಕುಂಟೆ ಹಿಡಿದು ಬಂದರೆ ಹಲ್ಲುಗಳ ಸಂದಿನಲ್ಲಿ ಕೆಲವರು ಉಳಿಯುತ್ತಾರೆ. ಪೊರಕೆ ಹಿಡಿದು ಬಂದರೆ ಯಾರೂ ಉಳಿಯುವುದಿಲ್ಲ. ನಮ್ಮ ಹಳ್ಳಿಗಳ ಮಾರಿಯ ಕಥೆ ಕೇಳಿ ಬೆಳೆದವರಿಗೆ ಈ ಮುದುಕಿ ಅಪರಿಚಿತಳಲ್ಲ. ಬರ್ಜುಮ್ 1994 ಮತ್ತು 1996ರ ಆಲ್ಬಮ್‌ಗಳಿಗೆ ಕಿಟ್ಟೆಲ್ಸನ್ ಚಿತ್ರಗಳನ್ನು ಬಳಸಿದ ಮೇಲೆ ಕಾಡು, ಮಂಜು, ಒಂಟಿ ದಾರಿ ಇವೆಲ್ಲ ಈ ಸಂಗೀತದ ಮುಖವಾದವು. ಚಿತ್ರಕಾರರು ತೀರಿಕೊಂಡು 80 ವರ್ಷ ಆಗಿತ್ತು. ತಮ್ಮ ಚಿತ್ರ ಯಾರ ಕೈಗೆ ಹೋಗುತ್ತದೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ಚಿತ್ರಗಳ ತಪ್ಪಂತೂ ಇಲ್ಲ. ಅವು ಈಗಲೂ ನನ್ನನ್ನು ಹಿಡಿದು ನಿಲ್ಲಿಸುತ್ತವೆ.

ತಂಡಗಳ ಹೆಸರಿನ ಲೋಗೊಗಳ ಬಗ್ಗೆ ಯಾರೋ ಆಗಲೇ ನಗುತ್ತಿದ್ದಿರಿ. ಓದಲು ಬರುವುದಿಲ್ಲ, ನಿಜ. ಒಣಗಿದ ಬೇರುಗಳ ರಾಶಿ ಹಾಗಿರುತ್ತದೆ. ಬೆಲ್ಜಿಯಂ ಮೂಲದ ಕ್ರಿಸ್ಟೋಫ್ ಶ್ಪೈಡೆಲ್ ಎಂಬುವರು ಇಂಥ ಸಾವಿರಾರು ಲೋಗೊ ಬರೆದಿದ್ದಾರೆ. ಎಂಪರರ್ ತಂಡದ್ದೂ ಅವರದ್ದೇ. ಕಂಪ್ಯೂಟರ್ ಅಲ್ಲ, ಕೈಯಲ್ಲೇ ಬರೆಯುತ್ತಾರೆ. ಎಡಬಲ ಕನ್ನಡಿಯ ಹಾಗೆ ಹೊಂದಬೇಕು. ಮೊದಲ ಅಕ್ಷರ ಮತ್ತು ಕೊನೆಯ ಅಕ್ಷರ ಒಂದಕ್ಕೊಂದು ಜೋಡಿಯಾಗಬೇಕು. ಗಿಡಮರಗಳ ಆಕಾರ ಅವರ ಗೆರೆಗಳಲ್ಲಿ ಎದ್ದು ಕಾಣುತ್ತದೆ. ಓದಲಾಗದ ಹೆಸರು ಇಟ್ಟುಕೊಂಡು ಏನು ಪ್ರಯೋಜನ ಅಂತ ಕೇಳಬಹುದು. ಬಲ್ಲವನಿಗೆ ಅದು ಓದುವ ವಸ್ತುವೇ ಅಲ್ಲ. ಗುರುತು ಹಿಡಿಯುವ ವಸ್ತು. ದೂರದಿಂದ ಬರುವ ಅಪ್ಪನ ನಡಿಗೆ ಗುರುತು ಹಿಡಿದ ಹಾಗೆ.

ಈ ಗುರುತಿನ ವಿಷಯದಲ್ಲಿ ಒಂದು ಘಟನೆ ಇದೆ. ಎಚ್ ಅಂಡ್ ಎಂ ಬಟ್ಟೆ ಅಂಗಡಿ 2015ರಲ್ಲಿ ಇಂಥದ್ದೇ ಲೋಗೊ ತೇಪೆಗಳಿದ್ದ ಜಾಕೆಟ್ಟು, ಪ್ಯಾಂಟು ಮಾರಿತು. ಅವು ಯಾವ ತಂಡದ ಲೋಗೊಗಳೂ ಅಲ್ಲ. ಸುಮ್ನೆ ಮೆಟಲ್ ಥರ ಕಾಣಲಿ ಅಂತ ಬರೆಸಿದ್ದು. ಆಗ ಇದ್ದಕ್ಕಿದ್ದ ಹಾಗೆ ಒಂದು ರೆಕಾರ್ಡ್ ಕಂಪನಿ ಪ್ರತ್ಯಕ್ಷವಾಗಿ, ಆ ಹೆಸರಿನ ತಂಡಗಳೆಲ್ಲ ನಮ್ಮವೇ ಅಂತ ಹಾಡು, ಇತಿಹಾಸ ಸಮೇತ ಹಾಕಿತು. ಆಮೇಲೆ ಗೊತ್ತಾಯಿತು, ಕಂಪನಿಯೂ ಸುಳ್ಳು. ಫಿನ್ಲೆಂಡಿನ ಸಂಗೀತಗಾರ ಹೆನ್ರಿ ಸೊರ್ವಾಲಿ ಮತ್ತು ಗೆಳೆಯರು ಮಾಡಿದ್ದು. ಅದರಲ್ಲಿ ಒಂದು ತಂಡಕ್ಕೆ ಅವರು ಬೇಕೆಂದೇ ನಾಜಿ ಹಿನ್ನೆಲೆ ಕಟ್ಟಿದ್ದರು. ಒಂದು ಚಿಹ್ನೆಯನ್ನು ಮೈಮೇಲೆ ಹಾಕುವ ಮೊದಲು ಅದರ ಹಿಂದೆ ಯಾರಿದ್ದಾರೆ ಅಂತ ಕೇಳಬೇಕು. ಆ ಪಾಠವನ್ನು ಕಲಿಸಲು ಇದಕ್ಕಿಂತ ಚೆನ್ನಾದ ದಾರಿ ನನಗೆ ಹೊಳೆಯುವುದಿಲ್ಲ.

ಹ್ಯಾಲ್ಫರ್ಡ್ ವಿಷಯ ನೆನಪಿಡಿ ಅಂದಿದ್ದೆ. ಬರ್ಗನ್‌ನ ಗೋರ್ಗೊರೊತ್ ತಂಡದ ಗಾಯಕ ಗಾಲ್, ಮೊಳೆ, ಬಣ್ಣ, ರಕ್ತ ಎಲ್ಲದರಲ್ಲೂ ಅತಿ ಉಗ್ರ ಅಂತ ಹೆಸರಾದವನು. ಹಲ್ಲೆಗಾಗಿ ಜೈಲಿಗೂ ಹೋಗಿ ಬಂದವನು. ಅವನು 2008ರಲ್ಲಿ ತಾನು ಗೇ ಅಂತ ಬಹಿರಂಗವಾಗಿ ಹೇಳಿದ. ಅದೇ ಹೊತ್ತಿಗೆ ಹೆಂಗಸರ ಉಡುಪುಗಳ ವಿನ್ಯಾಸದಲ್ಲೂ ಕೈಹಾಕಿದ. ಅದಕ್ಕೂ ಹದಿನಾರು ವರ್ಷ ಹಿಂದೆ ಇದೇ ವಲಯದ ಒಬ್ಬ, ಗೇ ಆಗಿದ್ದ ಅಪರಿಚಿತನೊಬ್ಬನನ್ನು ಕೊಂದಿದ್ದನ್ನು ಹೇಳಿದೆನಲ್ಲ. ಅಂಥ ಜಾಗದಲ್ಲಿ ನಿಂತು ಹಾಗೆ ಹೇಳುವುದಕ್ಕೆ ಎಂಟೆದೆ ಬೇಕು. ಚರ್ಮದ ಆ ಉಡುಪು ಒಂದು ಸುತ್ತು ಹಾಕಿ ತಾನು ಹುಟ್ಟಿದ ಮನೆಗೆ ಬಂದು ಸೇರಿತು ಅಂತ ನನಗೆ ಅನಿಸಿತು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಇದು ನಮ್ಮ ಯಕ್ಷಗಾನದ ಬಣ್ಣದ ವೇಷದ ಥರವೇ ಅಲ್ವಾ? ನೋಡಲು ಹಾಗೆ ಅನಿಸುತ್ತದೆ. ನನಗೆ ಕಾಣುವ ವ್ಯತ್ಯಾಸ ಇದು. ಬಣ್ಣದ ವೇಷದಲ್ಲಿ ಪ್ರತಿ ಗೆರೆಗೂ ಪಾತ್ರ ಇದೆ, ಗುರುವಿನಿಂದ ಕಲಿತ ಕ್ರಮ ಇದೆ, ಪ್ರಸಂಗ ಮುಗಿದ ಮೇಲೆ ತೊಳೆದರೆ ಕಲಾವಿದ ತಾನಾಗುತ್ತಾನೆ. ಕಾರ್ಪ್ಸ್ ಪೇಂಟಿನಲ್ಲಿ ಪಾತ್ರವೇ ಇಲ್ಲ. ಕಥೆ ಇಲ್ಲ. ಇವನು ಯಾರು ಅಂತ ಕೇಳಿದರೆ ಉತ್ತರ ಇಲ್ಲ. ಮುಖ ಅಳಿಸಿದೆ ಅಷ್ಟೇ. ಕಲಿಸಿದ ಗುರು ಯಾರು ಅಂದರೆ ನಾನು ಜೆರಾಕ್ಸ್ ಯಂತ್ರ ಅನ್ನುತ್ತೇನೆ.

ಇನ್ನೊಬ್ಬರು, ಕಾಲೇಜು ಹುಡುಗಿ, ಕೈಪಟ್ಟಿ ಹಾಕಿಕೊಂಡೇ ಕೂತಿದ್ದಳು. ಈಗಿನ ತಂಡಗಳು ಇದನ್ನೆಲ್ಲ ಬಿಟ್ಟಿವೆಯಾ ಅಂತ ಕೇಳಿದಳು. ಹಲವರು ಬಿಟ್ಟಿದ್ದಾರೆ. ಡಾರ್ಕ್‌ಥ್ರೋನ್‌ನವರೇ ಬಣ್ಣ ಬಿಟ್ಟು ಬಹಳ ಕಾಲ ಆಯಿತು. ಅವಳಿಗೆ ನಾನು ಮೂರನೇ ಹಾಳೆ ಕೊಟ್ಟೆ, ಅಲ್ಲಿಯವರೆಗೆ ಯಾರಿಗೂ ತೋರಿಸಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಡೆಫ್‌ಹೆವನ್ ತಂಡ 2013ರಲ್ಲಿ 'ಸನ್‌ಬೇದರ್' ಅಂತ ಆಲ್ಬಮ್ ಮಾಡಿತು. ಕಿರುಚು ಅದೇ, ಗಿಟಾರ್ ಅದೇ. ಉಡುಪು ದಿನನಿತ್ಯದ್ದು. ಮುಖಪುಟ ಪೂರ್ತಿ ಗುಲಾಬಿ, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿದಾಗ ಕಾಣುವ ಗುಲಾಬಿ. 26 ವರ್ಷ ಹಿಂದೆ ಓಸ್ಲೋದ ಹುಡುಗರಿಗೆ ಅಚ್ಚಿನ ತಪ್ಪಿನಿಂದ ಬಂದ ಬಣ್ಣವನ್ನು ಇವರು ಬೇಕೆಂದೇ ಆರಿಸಿಕೊಂಡರು. ಹಳಬರು ಕೆಂಡವಾದರು. ಆ ಮುಖಪುಟವನ್ನೂ ನಾನು ಅದೇ ಜೆರಾಕ್ಸ್ ಅಂಗಡಿಗೆ ಒಯ್ದಿದ್ದೆ. ಎಂಟು ಸಲ ಬೇಕಾಗಲಿಲ್ಲ. ಎರಡನೇ ಪ್ರತಿಯಲ್ಲೇ ಹೆಸರು ಹೋಯಿತು. ಮೂರನೆಯದು ಅವಳ ಕೈಯಲ್ಲಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಬಿಳಿ ಹಾಳೆ.